ಟೋಕನ್ ಇಲ್ಲದವರಿಗೆ ಬಾಗಿಲಿಲ್ಲ

ಆ ಮನೆಗೆ ಬರುತ್ತಿದ್ದ ಇಂಟರ್ನೆಟ್ಟು ಒಂಟಿ ಕುರ್ಚಿಯಿದ್ದ ಹಾಗೆ. ಒಬ್ಬರು ಕೂತರೆ ಉಳಿದವರೆಲ್ಲ ಹಲ್ಲು ಕಡಿಯುತ್ತ ನಿಂತಿರಬೇಕು. ಟೆಲಿಫೋನಿನ ತಂತಿ ನಡುಮನೆಯ ಗೋಡೆಯಿಂದ ಇಳಿದು ಒಂದು ಬಿಳಿ ಪೆಟ್ಟಿಗೆಗೆ ಸೇರುತ್ತಿತ್ತು. ಆ ಪೆಟ್ಟಿಗೆ ಮಹಾ ಸೋಮಾರಿ. ತಂತಿಯಲ್ಲಿ ಬಂದದ್ದನ್ನು ಕೇಬಲ್ಲಿಗೆ, ಕೇಬಲ್ಲಿನಲ್ಲಿ ಬಂದದ್ದನ್ನು ತಂತಿಗೆ ದಾಟಿಸಿಬಿಟ್ಟರೆ ಅದರ ಸಂಬಳದ ಕೆಲಸ ಮುಗಿಯಿತು. ಬರಿ ಸೇತುವೆ, ಮೇಲೆ ಯಾರು ಓಡಾಡಿದರೂ ತನಗೇನು ಎನ್ನುವ ಜಾತಿಯದ್ದು. ಹೆಸರು, ಗುಪ್ತಪದ ಕೊಟ್ಟು ಹೊರಗಿನ ಲೋಕದ ಕದ ತಟ್ಟುವುದನ್ನು ಕಂಪ್ಯೂಟರೇ ಮಾಡಿಕೊಳ್ಳಬೇಕು. ಯಾರ ಕಂಪ್ಯೂಟರ್ ಮೊದಲು ತಟ್ಟಿತೋ ಹೊರಗಿನವರು ಮನೆ ಹುಡುಕಿ ಬರುವ ಹೊರವಿಳಾಸವೆಲ್ಲ ಅದರ ಪಾಲಿಗೆ. ಮಿಕ್ಕವರು ಕೈ ಕೈ ಹಿಸುಕಿಕೊಳ್ಳಬೇಕು.

ಹಾಗಾಗಿ ಮನೆಯವರು ತಾವೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಇಂಟರ್ನೆಟ್ಟಿಗೆ ಹೋಗುವವರು ಮಹಡಿಯ ಮೆಟ್ಟಿಲ ಬಳಿ ನಿಂತು ‘ಹತ್ತಿದೆ’ ಎಂದು ಕೂಗಬೇಕು, ಮುಗಿಸಿದವರು ‘ಇಳಿದೆ’ ಎಂದು ಕೂಗಬೇಕು. ‘ಹತ್ತಿದೆ’ ಎನ್ನುವುದು ಎಲ್ಲರ ಬಾಯಲ್ಲೂ ಬೇಗ ಬರುತ್ತಿತ್ತು. ‘ಇಳಿದೆ’ ಎನ್ನುವುದಕ್ಕೆ ಮಾತ್ರ ಎಲ್ಲರಿಗೂ ಮರೆವು.

ಈ ಕೂಗಾಟ ಕೇಳಿ ಕೇಳಿ ಎಲ್ಲರಿಗಿಂತ ಹೆಚ್ಚು ಕುದಿಯುತ್ತಿದ್ದವನು ಕುಕ್ಕರ್. ಅದು ಅವನ ಹೆಸರಲ್ಲ, ಆದರೆ ಅವನನ್ನು ಬೇರೆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಮೊದಲು ಮೂಗಿನಲ್ಲಿ ಬುಸುಗುಟ್ಟಿ, ಆಮೇಲೆ ಸೀಟಿ ಹೊಡೆಯುವ ಸಿಟ್ಟು ಅವನದು. ಶಾಲೆ ಅವನನ್ನು ಬಿಟ್ಟಿತೋ ಅವನು ಶಾಲೆಯನ್ನು ಬಿಟ್ಟನೋ, ಒಂಬತ್ತನೇ ಕ್ಲಾಸಿನಲ್ಲಿ ಇಬ್ಬರ ಋಣವೂ ಹರಿದಿತ್ತು. ಈಗ ಬೈಕ್ ಗ್ಯಾರೇಜಿನಲ್ಲಿ ಕೆಲಸ. ಲೋಕದಲ್ಲಿ ಸರಿಯಿಲ್ಲದ್ದೆಲ್ಲ ತನ್ನನ್ನು ಕೆಣಕಲೆಂದೇ ಕೆಟ್ಟಿದೆ ಎಂಬುದು ಅವನ ಗಟ್ಟಿ ನಂಬಿಕೆ.

ಮಧ್ಯಾಹ್ನದ ಹೊತ್ತು ಮಾತ್ರ ಯಾರೂ ‘ಹತ್ತಿದೆ’ ಎನ್ನುವಂತಿರಲಿಲ್ಲ. ಅದು ಅತ್ತೆಯ ಪಾಳಿ. ಅತ್ತೆ ಎಂದರೆ ಕುಕ್ಕರನ ಅಪ್ಪನ ತಂಗಿ, ಬಸ್ ನಿಲ್ದಾಣದಲ್ಲಿ ಬಸ್ಸು ಬಂತು, ಬಸ್ಸು ಹೊರಟಿತು ಎಂದು ಮೈಕಿನಲ್ಲಿ ಹೇಳುತ್ತಿದ್ದವಳು. ಅವಳ ಧ್ವನಿಗೆ ನಿಲ್ದಾಣದ ಕಾಗೆಗಳೂ ಸುಮ್ಮನಾಗುತ್ತಿದ್ದವಂತೆ. ಆಮೇಲೆ ಅಲ್ಲಿಗೆ ಒಂದು ಯಂತ್ರ ತಂದಿಟ್ಟು, ಎಲ್ಲಿಯದೋ ಒಬ್ಬಳ ಧ್ವನಿ ತುಂಬಿಸಿ, ಅತ್ತೆಗೆ ಒಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಆ ಯಂತ್ರಕ್ಕೆ ಉಸಿರಿಲ್ಲ, ನಾಚಿಕೆಯಂತೂ ಮೊದಲೇ ಇಲ್ಲ. ಪಂಕ್ಚರ್ ಆಗಿ ಊರಾಚೆ ನಿಂತ ಬಸ್ಸನ್ನೂ ಅದು ‘ಈಗ ಹೊರಡಲಿದೆ’ ಎನ್ನುತ್ತಿತ್ತು, ಜನ ಗಂಟು ಮೂಟೆ ಎತ್ತಿಕೊಂಡು ಓಡಿ ಖಾಲಿ ನೆಲ ನೋಡುತ್ತಿದ್ದರು. ಕುಕ್ಕರ್ ಒಮ್ಮೆ ಆ ಯಂತ್ರದ ಸ್ಪೀಕರಿನ ಕೆಳಗೆ ನಿಂತು ಅದಕ್ಕೆ ಎದುರುತ್ತರ ಕೊಟ್ಟು, ಕಾವಲಿನವನ ಕೈಯಲ್ಲಿ ಹೊರಗೆ ಹಾಕಿಸಿಕೊಂಡಿದ್ದ.

ಅತ್ತೆ ಅತ್ತುಕೊಂಡು ಕೂರುವವಳಲ್ಲ. ಹಿಂದಿನ ಕೋಣೆಯಲ್ಲಿ ಹಳೆಯ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ, ಕುಕ್ಕರನ ದೊಡ್ಡಪ್ಪನ ಮಗಳಿಂದ ಒಂದು ಪ್ರೋಗ್ರಾಂ ಹಾಕಿಸಿಕೊಂಡು, ಮನೆಯಿಂದಲೇ ರೇಡಿಯೊ ಶುರು ಮಾಡಿದಳು. ಹೆಸರು ‘ಮಧ್ಯಾಹ್ನದ ಬಸ್ಸು’. ಇಲ್ಲದ ಒಂದು ಬಸ್ಸು ಅವಳ ಬಾಯಿಂದ ಹೊರಟು, ಕೇಳುಗರ ಮನೆ ಅಂಗಡಿಗಳ ಮುಂದೆಲ್ಲ ನಿಲ್ಲುತ್ತಿತ್ತು. ‘ಮುಂದಿನ ನಿಲ್ದಾಣ ಕ್ಷೌರದಂಗಡಿ, ಅರ್ಧ ಗಡ್ಡದವರು ದಯವಿಟ್ಟು ಕೂತೇ ಇರಿ’ ಎಂದರೆ ಬೀದಿ ಕೊನೆಯ ಕ್ಷೌರದಂಗಡಿಯಲ್ಲಿ ಸೋಪಿನ ನೊರೆ ಮೆತ್ತಿಕೊಂಡವರು ಗೊಳ್ಳೆನ್ನುತ್ತಿದ್ದರು. ಕೇಳುಗರು ನೇರ ಅವಳ ಕಂಪ್ಯೂಟರಿಗೇ ಬಂದು ಹತ್ತುತ್ತಿದ್ದರು. ಹೊರವಿಳಾಸ ಅವಳ ಕಂಪ್ಯೂಟರಿನದೇ ಆದ್ದರಿಂದ ಬಾಗಿಲಲ್ಲಿ ತಡೆಯುವವರು ಯಾರೂ ಇರಲಿಲ್ಲ. ಪರದೆಯ ಮೂಲೆಯಲ್ಲಿ ಕೇಳುಗರ ಸಂಖ್ಯೆ ಏರುವುದನ್ನು ಅವಳು ಹಾಲು ಉಕ್ಕುವುದನ್ನು ನೋಡಿದ ಹಾಗೆ ನೋಡುತ್ತಿದ್ದಳು.

ಅವಳ ಅಣ್ಣ, ಅಂದರೆ ದೊಡ್ಡಪ್ಪ, ಇದನ್ನೆಲ್ಲ ಗಾಳಿಗೆ ಗುದ್ದುವ ಕೆಲಸ ಎಂದು ಮೂಗು ಮುರಿಯುತ್ತಿದ್ದ. ದೊಡ್ಡಪ್ಪ ಡ್ರೈವಿಂಗ್ ಶಾಲೆಯಲ್ಲಿ ಕಲಿಸಿ ನಿವೃತ್ತನಾದವನು. ಅರ್ಧ ಊರಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದ ಗಂಡೆದೆಗೆ ಕರೆಂಟು ಕಂಡರೆ ಮಾತ್ರ ಪುಕ್ಕಲು. ಊಟಕ್ಕೆ ಕೂರುವ ಮುಂಚೆ ಮೇನ್ ಸ್ವಿಚ್ ತೆಗೆದು, ಕೈ ತೊಳೆದ ಮೇಲೆ ಹಾಕುವುದು ಅವನ ನಿಯಮ. ತಿನ್ನುವಾಗ ಬೆಂಕಿ ಹತ್ತಿದರೆ ತಟ್ಟೆ ಹಿಡಿದುಕೊಂಡು ಓಡುವುದು ಹೇಗೆ ಎಂಬುದು ಅವನ ವಾದ.

ಒಂದು ಭಾನುವಾರ ಕುಕ್ಕರ್ ಸೀಟಿ ಹೊಡೆದ. ಈ ಹತ್ತುವ ಇಳಿಯುವ ಕರ್ಮ ಇವತ್ತಿಗೆ ಸಾಕು ಎಂದು ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಕೈಪಿಡಿ ಬರೆದವನ ಇಡೀ ವಂಶವನ್ನು ನೆನೆಯುತ್ತ, ಗುಂಡಿ ಒತ್ತಿ ಒತ್ತಿ, ಸಂಜೆಯ ಹೊತ್ತಿಗೆ ಸೇತುವೆಯಾಗಿದ್ದ ಪೆಟ್ಟಿಗೆಯನ್ನು ರೂಟರ್ ಮಾಡಿಬಿಟ್ಟ. ಈಗ ಹೆಸರು, ಗುಪ್ತಪದ ಎಲ್ಲ ಪೆಟ್ಟಿಗೆಯ ತಲೆನೋವು. ಹೊರವಿಳಾಸವನ್ನು ತಾನೇ ಇಟ್ಟುಕೊಂಡು, ಮನೆಯೊಳಗಿನ ಒಂದೊಂದು ಯಂತ್ರಕ್ಕೂ ಒಂದೊಂದು ಒಳನಂಬರು ಹಂಚಿತು. ದೊಡ್ಡಪ್ಪ, ಅವನ ಮಗಳು, ಅತ್ತೆ, ಕುಕ್ಕರನ ಮೊಬೈಲು, ಎಲ್ಲರೂ ಒಟ್ಟಿಗೆ ಹತ್ತಿದರು, ಯಾರೂ ಇಳಿಯಬೇಕಿರಲಿಲ್ಲ. ಮೆಟ್ಟಿಲು ಮೌನವಾಯಿತು. ಆ ರಾತ್ರಿ ಊಟಕ್ಕೆ ಕುಕ್ಕರನ ತಟ್ಟೆಗೆ ಅವನ ಅಮ್ಮ ಕೇಳದೆಯೇ ಎರಡನೇ ಸಲ ಬಡಿಸಿದಳು.

ಮಾರನೆಯ ಮಧ್ಯಾಹ್ನ ಅತ್ತೆಯ ಪರದೆಯ ಮೂಲೆಯಲ್ಲಿ ಸೊನ್ನೆ. ಅದರ ಮಾರನೆಯ ದಿನವೂ ಸೊನ್ನೆ.

ಕುಕ್ಕರ್ ತನ್ನ ಮೊಬೈಲಿನಲ್ಲಿ ಹಾಕಿ ನೋಡಿದ. ಬಸ್ಸು ಲಕ್ಷಣವಾಗಿ ಓಡುತ್ತಿತ್ತು. ಅವನು ಹಾಕಿದ್ದು ಒಳನಂಬರು, ನಿಂತದ್ದು ಅದೇ ಮನೆಯ ನಡುಮನೆಯಲ್ಲಿ ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಸರಿಯಿದೆಯಲ್ಲ, ಹಾಗಾದರೆ ಕೇಳುವವರಿಗೇ ಕಿವಿ ಕೆಟ್ಟಿದೆ ಎಂದು ತೀರ್ಮಾನಿಸಿದ. ಕ್ಷೌರದಂಗಡಿಗೆ ಹೋಗಿ, ಉಪ್ಪು ತಿಂದ ಮನೆಗೆ ಎರಡು ಬಗೆಯುತ್ತೀಯಾ ಎನ್ನುವ ಧಾಟಿಯಲ್ಲಿ ಜಗಳ ತೆಗೆದ. ಕ್ಷೌರಿಕ ಕತ್ತರಿ ಕೆಳಗಿಟ್ಟು, ರೇಡಿಯೊದಲ್ಲಿ ಹುಳ ಹರಿದ ಸದ್ದೂ ಬರುತ್ತಿಲ್ಲ ಎಂದು ಹಾಕಿ ತೋರಿಸಿದ. ಕುಕ್ಕರ್ ಅಲ್ಲಿಂದ ಟೆಲಿಫೋನಿನವರ ಸಹಾಯವಾಣಿಗೆ ತಿರುಗಿದ. ಅಲ್ಲಿದ್ದ ಹುಡುಗಿ ಪೆಟ್ಟಿಗೆಯನ್ನು ಆರಿಸಿ ಹಾಕಿ ಎಂದಳು. ಆರಿಸಿ ಹಾಕಿದ. ಮತ್ತೊಮ್ಮೆ ಆರಿಸಿ ಹಾಕಿ ಎಂದಳು. ಆಮೇಲೆ ಅವನು ಹೇಳಿದ್ದನ್ನು ಅಮ್ಮ ಕೇಳಿಸಿಕೊಳ್ಳಬಾರದೆಂದು ಅಡುಗೆಮನೆಯ ಬಾಗಿಲು ಹಾಕಿಕೊಂಡಳು.

ಅತ್ತೆ ಮಾತ್ರ ಯಾರನ್ನೂ ಬೈಯಲಿಲ್ಲ. ಜನಕ್ಕೆ ನನ್ನ ಬಸ್ಸು ಹಳತಾಯಿತು ಎಂದಷ್ಟೇ ಅಂದು, ಮೈಕಿಗೆ ಒಂದು ಬಟ್ಟೆ ಹೊದಿಸಿದಳು. ಅದನ್ನು ನೋಡಿ ಕುಕ್ಕರ್ ತಟ್ಟೆ ಬಿಟ್ಟು ಎದ್ದ. ಅವಳಿಗೆ ಈ ವಾರವೇ ಒಂದು ಅದೃಷ್ಟ ಬಾಗಿಲಿಗೆ ಬಂದಿತ್ತು. ಯಂತ್ರದ ಸುಳ್ಳು ಕೇಳಿ ಕೇಳಿ ಬಸ್ ನಿಲ್ದಾಣದ ಜನ ದೂರಿನ ಮೇಲೆ ದೂರು ಕೊಟ್ಟಿದ್ದರು. ಹೊಸದಾಗಿ ಬಂದ ಮ್ಯಾನೇಜರ್, ಮನುಷ್ಯರ ಧ್ವನಿಯೇ ಬೇಕು, ಆದರೆ ಎಡವಟ್ಟಾದರೆ ತಡವರಿಸದವರು ಬೇಕು ಎಂದಿದ್ದ. ಅತ್ತೆ ಹೋಗಿ ತನ್ನ ರೇಡಿಯೊ ವಿಷಯ ಹೇಳಿದ್ದಳು. ಹಾಗಾದರೆ ಶನಿವಾರ ಮೂರು ಗಂಟೆಗೆ ನನ್ನ ಆಫೀಸಿನಿಂದಲೇ ಕೇಳುತ್ತೇನೆ, ಹಿಡಿಸಿದರೆ ಸೋಮವಾರದಿಂದ ಬನ್ನಿ, ಇಲ್ಲವಾದರೆ ಬೇರೆಯವರು ಸಾಲಿನಲ್ಲಿದ್ದಾರೆ ಎಂದು ಅವನು ನೇರವಾಗಿಯೇ ಹೇಳಿದ್ದ.

ಶುಕ್ರವಾರ ಗ್ಯಾರೇಜಿನಲ್ಲಿ ಒಬ್ಬ ಬಂದು ಒಳಗೆ ಹೋಗಲು ನೋಡಿದ. ಕುಕ್ಕರ್, ಬೈಕು ಬಿಟ್ಟಾಗ ಕೊಟ್ಟ ಟೋಕನ್ ಕೊಡಿ ಎಂದ. ಟೋಕನ್ ಇಲ್ಲ, ಒಳಗೆ ನಮ್ಮವರೊಬ್ಬರಿದ್ದಾರೆ, ಅವರನ್ನು ನೋಡಬೇಕಿತ್ತು ಎಂದ ಅವನು. ಟೋಕನ್ ಇಲ್ಲದವರನ್ನು ಒಳಗೆ ಬಿಡುವ ಹಾಗಿಲ್ಲ ಎಂದು ಕುಕ್ಕರ್ ಗದರಿಸಿ ಕಳಿಸಿದವನು, ಸ್ಪ್ಯಾನರ್ ಕೈಯಲ್ಲೇ ಹಿಡಿದು ಬೊಂಬೆಯ ಹಾಗೆ ನಿಂತುಬಿಟ್ಟ. ಅಯ್ಯೋ, ಆ ಬಿಳಿ ಪೆಟ್ಟಿಗೆ ಮಾಡುತ್ತಿರುವುದೂ ಇದನ್ನೇ. ಒಳಗಿನವರು ಹೊರಗೆ ಏನಾದರೂ ಕೇಳಿದರೆ ಅದು ಟೋಕನ್ ಹರಿದು ನೆನಪಿಟ್ಟುಕೊಳ್ಳುತ್ತದೆ, ಉತ್ತರ ಬಂದಾಗ ಟೋಕನ್ ನೋಡಿ ಅವರವರಿಗೆ ಮುಟ್ಟಿಸುತ್ತದೆ. ಅತ್ತೆಯ ಕೇಳುಗರು ಕರೆಯದೆ ತಾವಾಗಿ ಬಂದವರು. ಅವರ ಹತ್ತಿರ ಎಲ್ಲಿಯ ಟೋಕನ್ನು? ಅತ್ತೆ ಇದ್ದಾರಾ ಎಂದು ಕೇಳಿದವರನ್ನೆಲ್ಲ ಪೆಟ್ಟಿಗೆ ಬಾಗಿಲಿನಿಂದಲೇ ಸಾಗಹಾಕುತ್ತಿತ್ತು.

ಅರ್ಧ ಬಿಚ್ಚಿದ ಕಾರ್ಬುರೇಟರನ್ನು ಹಾಗೇ ಬಿಟ್ಟು ಮನೆಗೆ ಓಡಿ ಬಂದ. ದೊಡ್ಡಪ್ಪನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೆಟ್ಟಿಗೆಯ ಒಳಗೆಲ್ಲ ಹುಡುಕಿದ. ರೇಡಿಯೊ ಕೇಳಲು ಬಂದವರನ್ನು ಒಳನಂಬರು ಎರಡಕ್ಕೆ ಕಳಿಸು ಎಂದು ಒಂದು ನಿಯಮ ಬರೆಯಲು ಅದರಲ್ಲಿ ಜಾಗವಿತ್ತು. ಎರಡು ಎಂದರೆ ಆ ಹೊತ್ತಿಗೆ ಅತ್ತೆಯ ಕಂಪ್ಯೂಟರ್. ನಿಯಮ ಬರೆದು ಇನ್ನೂ ಕೈ ಎತ್ತಿರಲಿಲ್ಲ, ಅತ್ತೆಯ ಪರದೆಯ ಸೊನ್ನೆ ಒಂದಾಯಿತು, ಮೂರಾಯಿತು. ಕ್ಷೌರದಂಗಡಿಯಿಂದ ಶಿಳ್ಳೆ ಬೀದಿಯುದ್ದಕ್ಕೂ ಕೇಳಿಸಿತು. ಅತ್ತೆ ಮೈಕಿನ ಬಟ್ಟೆ ಕಿತ್ತೆಸೆದು, ಆ ಬಟ್ಟೆಯಲ್ಲೇ ಕುಕ್ಕರನ ಮುಖದ ಗ್ರೀಸು ಒರೆಸಿದಳು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಶನಿವಾರ ದೊಡ್ಡಪ್ಪನಿಗೆ ಹಸಿವು ತಡವಾಗಿ ಆಯಿತು.

ಅವನು ಎರಡೂವರೆಗೆ ಊಟಕ್ಕೆ ಬಂದ. ಅಭ್ಯಾಸದಂತೆ ಮೇನ್ ಸ್ವಿಚ್ ತೆಗೆದ, ಉಂಡ, ಕೈ ತೊಳೆದ, ಸ್ವಿಚ್ ಹಾಕಿದ, ತನ್ನ ಕೋಣೆಗೆ ಹೋಗಿ ಅಗುಳಿ ಹಾಕಿಕೊಂಡ. ಗ್ಯಾರೇಜಿಗೆ ಅರ್ಧ ದಿನ ಚಕ್ಕರ್ ಹೊಡೆದು ಬಂದ ಕುಕ್ಕರ್ ಮೂರಕ್ಕೆ ಸರಿಯಾಗಿ ಅತ್ತೆಯ ಹಿಂದೆ ನಿಂತಿದ್ದ. ಅತ್ತೆ ಒಳ್ಳೆಯ ಸೀರೆ ಉಟ್ಟಿದ್ದಳು, ಮ್ಯಾನೇಜರಿಗೆ ಕಾಣುವುದಿಲ್ಲ ಎಂದರೆ ಧ್ವನಿಗೆ ಗೊತ್ತಾಗುತ್ತದೆ ಎಂದಿದ್ದಳು. ಗಂಟಲು ಸರಿ ಮಾಡಿಕೊಂಡು ಬಸ್ಸು ಹೊರಡಿಸಿದಳು.

ಮೂಲೆಯಲ್ಲಿ ಸೊನ್ನೆ. ಅವಳು ಮೊದಲನೇ ನಿಲ್ದಾಣ ದಾಟಿದಳು. ಸೊನ್ನೆ. ಎರಡನೆಯದು. ಸೊನ್ನೆ. ಧ್ವನಿ ನಿಲ್ಲಲಿಲ್ಲ, ಆದರೆ ಅವಳ ಕಣ್ಣು ಆ ಮೂಲೆಯಿಂದ ಕೀಳಲಾಗದೆ ಅಲ್ಲೇ ನೆಟ್ಟಿತ್ತು. ಕುಕ್ಕರನ ಮೂಗಿನಲ್ಲಿ ಬುಸುಬುಸು ಶುರುವಾಯಿತು. ಪೆಟ್ಟಿಗೆಯನ್ನು ಎತ್ತಿ ಹಿತ್ತಲಿಗೆ ಎಸೆಯುವುದೋ, ಟೆಲಿಫೋನಿನವರ ಆಫೀಸಿಗೆ ಹೋಗಿ ಅವರ ಮೇಜಿನ ಮೇಲೆಯೇ ಒಡೆಯುವುದೋ ಎಂದು ಅವನು ಲೆಕ್ಕ ಹಾಕುತ್ತಿದ್ದಾಗ ನಡುಮನೆಯಲ್ಲಿ ಫೋನು ಬಡಿದುಕೊಂಡಿತು. ಕ್ಷೌರಿಕ.

“ಅತ್ತೆಯವರಿಗೆ ಏನಾಗಿದೆ? ಗಂಡಸಿನ ದನಿ ಬರ್ತಿದೆ. ಕ್ಲಚ್ ಪೂರ್ತಿ ತುಳಿ, ಆಮೇಲೆ ಗೇರು ಅಂತ ನನಗೇ ಹೇಳಿದ ಹಾಗಿದೆ. ನಾನಿಲ್ಲಿ ಒಬ್ಬರ ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡು ನಿಂತಿದ್ದೀನಪ್ಪ.”

ಕುಕ್ಕರ್ ರಿಸೀವರ್ ಹಿಡಿದುಕೊಂಡೇ ದೊಡ್ಡಪ್ಪನ ಕೋಣೆಯ ಬಾಗಿಲು ನೋಡಿದ. ಬಾಗಿಲಿನ ಆಚೆಯಿಂದ, ಪಿಸುಮಾತಿಗಿಂತ ಸ್ವಲ್ಪ ದೊಡ್ಡದಾಗಿ, ಯಾರನ್ನೋ ಎಡಕ್ಕೆ ತಿರುಗಿಸುವ ಮಾತು ಕೇಳುತ್ತಿತ್ತು.

ಗುಟ್ಟು ಹೊರಬಿದ್ದದ್ದು ಹಾಗೆ. ಗಾಳಿಗೆ ಗುದ್ದುವ ಕೆಲಸ ಎಂದು ತಂಗಿಯನ್ನು ಆಡಿಕೊಳ್ಳುತ್ತಿದ್ದ ಮಹಾಶಯ, ಮಗಳ ಬಾಯಿ ಕಟ್ಟಿಸಿ, ಅದೇ ಪ್ರೋಗ್ರಾಮನ್ನು ತನ್ನ ಕಂಪ್ಯೂಟರಿಗೂ ಹಾಕಿಸಿಕೊಂಡಿದ್ದ. ತಂಗಿ ಮೈಕಿನ ಮುಂದೆ ಕೂತಾಗ ಮನೆಯವರ ಕಿವಿಯೆಲ್ಲ ಅತ್ತ ಇರುತ್ತದೆಂದು ಅದೇ ಹೊತ್ತಿಗೆ ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ, ಇಲ್ಲದ ಶಿಷ್ಯರಿಗೆ ಇಲ್ಲದ ಕಾರು ಕಲಿಸುತ್ತಿದ್ದ. ತನ್ನನ್ನು ಯಾರೂ ಕೇಳುವುದಿಲ್ಲ ಎಂಬ ಧೈರ್ಯ ಅವನಿಗೆ. ಇವತ್ತಿನವರೆಗೆ ಅದು ನಿಜವೂ ಆಗಿತ್ತು.

ಕುಕ್ಕರನಿಗೆ ಒಮ್ಮೆಲೇ ಎಲ್ಲ ಅರ್ಥವಾಯಿತು. ಕರೆಂಟು ಹೋಗಿ ಬಂದಾಗ ಆ ಅಗ್ಗದ ಪೆಟ್ಟಿಗೆ ಬರೆದಿಟ್ಟ ನಿಯಮವನ್ನು ನೆನಪಿಟ್ಟುಕೊಂಡು, ಯಾರಿಗೆ ಯಾವ ಒಳನಂಬರು ಎನ್ನುವುದನ್ನು ಮರೆತುಬಿಟ್ಟಿತ್ತು. ಒಂದನ್ನು ತನಗೇ ಇಟ್ಟುಕೊಂಡು, ಮೊದಲು ಎದ್ದವರಿಗೆ ಎರಡು ಎಂದು ಹೊಸದಾಗಿ ಹಂಚಿತ್ತು. ದಿನವೂ ದೊಡ್ಡಪ್ಪ ಉಂಡು ಮಲಗಿ ಏಳುವಷ್ಟರಲ್ಲಿ ಅತ್ತೆಯದು ಮೊದಲು ಎದ್ದಿರುತ್ತಿತ್ತು, ಇವತ್ತು ತಡವಾಗಿ ಉಂಡು ನೇರ ಕೋಣೆಗೆ ಹೋದದ್ದರಿಂದ ಅವನ ಕಂಪ್ಯೂಟರೇ ಮೊದಲು ಎದ್ದಿತ್ತು. ಈಗ ಎರಡು ಎಂದರೆ ಅವನು. ಅತ್ತೆಯ ಕೇಳುಗರೆಲ್ಲ, ಆ ಮ್ಯಾನೇಜರನ ಸಮೇತ, ದೊಡ್ಡಪ್ಪನ ಕೋಣೆಯಲ್ಲಿ ಹೋಗಿ ಕೂತಿದ್ದರು.

ಅವನು ಬಾಗಿಲನ್ನು ಭುಜದಿಂದ ಗುದ್ದಿದ. ಅಗುಳಿ ಕಿತ್ತು ಬಂತು. ದೊಡ್ಡಪ್ಪ ಗಾಳಿಯಲ್ಲಿ ಸ್ಟೀರಿಂಗ್ ಹಿಡಿದ ಕೈಗಳನ್ನು ಹಾಗೇ ಬಿಟ್ಟು ಕಣ್ಣು ತೆರೆದ. ಪರದೆಯ ಮೂಲೆಯಲ್ಲಿ ಅತ್ತೆ ಎಂದೂ ಕಾಣದಷ್ಟು ದೊಡ್ಡ ಸಂಖ್ಯೆ. ಕ್ಷೌರಿಕ ಊರಿಗೆಲ್ಲ ಫೋನು ಮಾಡಿ ಕೇಳಿ ಕೇಳಿ ಎಂದಿದ್ದನಂತೆ, ಅದು ಆಮೇಲೆ ತಿಳಿದದ್ದು. ದೊಡ್ಡಪ್ಪ ಆ ಸಂಖ್ಯೆ ನೋಡಿದ, ಮೈಕು ನೋಡಿದ, ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು.

ಕುಕ್ಕರ್ ಪೆಟ್ಟಿಗೆಯ ಕಡೆಗೆ ಓಡಿದ. ಆರಿಸಿ, ಅತ್ತೆಯ ಕಂಪ್ಯೂಟರನ್ನು ಮೊದಲು ಎಬ್ಬಿಸಿದರೆ ನಂಬರು ಸರಿಹೋಗುತ್ತದೆ. ಆದರೆ ಪೆಟ್ಟಿಗೆ ಮತ್ತೆ ಎದ್ದು, ಹೊರಗಿನವರ ಕದ ತಟ್ಟಿ, ಹೊಸ ವಿಳಾಸ ಪಡೆದು, ಕೇಳುಗರು ಆ ವಿಳಾಸ ಹುಡುಕಿ ಬರುವ ಹೊತ್ತಿಗೆ ಮ್ಯಾನೇಜರ್ ಸಾಲಿನಲ್ಲಿ ನಿಂತ ಮುಂದಿನವರನ್ನು ಕರೆದಿರುತ್ತಾನೆ. ಅವನ ಬೆರಳು ಸ್ವಿಚ್ಚಿನ ಮೇಲಿತ್ತು. ಅತ್ತೆ ತನ್ನ ಕೋಣೆಯಿಂದ ಹೊರಗೆ ಬಂದಳು. ಒಂದು ಸಲ ಅಣ್ಣನ ಪರದೆಯ ಕಡೆ, ಒಂದು ಸಲ ಕುಕ್ಕರನ ಬೆರಳಿನ ಕಡೆ ನೋಡಿದಳು.

“ಕೈ ತೆಗಿ ಅದರ ಮೇಲಿಂದ” ಎಂದಳು. “ಜನ ಎಲ್ಲಿ ಕೂತಿದ್ದಾರೋ ಅಲ್ಲಿಗೆ ನಾನು ಹೋಗ್ತೀನಿ.”

ಜನ್ಮದಲ್ಲಿ ಮೊದಲ ಸಲ, ಬುಸುಗುಟ್ಟಿದ ಮೇಲೂ ಕುಕ್ಕರ್ ಸೀಟಿ ಹೊಡೆಯಲಿಲ್ಲ. ಕೈ ತೆಗೆದ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಣ್ಣನ ಮಂಚದ ಅಂಚಿನಲ್ಲಿ ಕೂತು ಮೈಕನ್ನು ತನ್ನ ಕಡೆಗೆ ತಿರುಗಿಸಿದಳು. ಆ ಧ್ವನಿ ಹೊರಟಿತು, ಕಾಗೆಗಳನ್ನು ಸುಮ್ಮನಾಗಿಸುತ್ತಿದ್ದ ಅದೇ ಧ್ವನಿ.

“ಪ್ರಯಾಣಿಕರ ಗಮನಕ್ಕೆ. ಮಧ್ಯಾಹ್ನದ ಬಸ್ಸು ಇಂದು ತಪ್ಪು ಪ್ಲಾಟ್‌ಫಾರಂಗೆ ಬಂದು ನಿಂತಿದೆ. ಯಾರೂ ಇಳಿಯುವುದು ಬೇಡ, ಬಸ್ಸು ಇದೇ. ಡ್ರೈವರ್ ಮಾತ್ರ ಹೊಸಬರು. ಬಾಯಿ ಸ್ವಲ್ಪ ಜೋರು, ಬ್ರೇಕು ಚೆನ್ನಾಗಿದೆ.”

ದೊಡ್ಡಪ್ಪ ಬಾಗಿಲಿನ ಕಡೆ ಜಾರಲು ನೋಡಿದ. ಅವಳು ಅವನ ಅಂಗಿಯ ಚುಂಗು ಹಿಡಿದು ಕೂರಿಸಿ, ಡ್ರೈವರ್ ಸಾಹೇಬರೇ, ಕ್ಷೌರದಂಗಡಿಯ ತಿರುವಿನಲ್ಲಿ ಎತ್ತಿನಗಾಡಿ ಅಡ್ಡ ನಿಂತಿದೆ, ಏನು ಮಾಡುತ್ತೀರಿ ಎಂದು ಕೇಳಿದಳು. ದೊಡ್ಡಪ್ಪ ಮತ್ತೆ ಬಾಗಿಲಿನ ಕಡೆ ನೋಡಿದ. ಆದರೆ ತಿರುವು ಎಂದ ಕೂಡಲೇ ಅವನ ಕಾಲು ತಾನಾಗಿ ಕ್ಲಚ್ ಹುಡುಕಿತು. ಹಾರ್ನ್ ಹೊಡೆಯಬೇಡ, ಎತ್ತು ಬೆದರುತ್ತದೆ ಎಂದು ಶುರು ಮಾಡಿದವನು ನಿಲ್ಲಲೇ ಇಲ್ಲ. ಅವನು ಗಾಡಿ ಓಡಿಸಿದ, ಅವಳು ಜನರನ್ನು ಹತ್ತಿಸಿದಳು, ಇಳಿಸಿದಳು. ಅವನು ಕಲಿಯುವವನನ್ನು ಬೈದರೆ ಅವಳು ಪ್ರಯಾಣಿಕರ ಕ್ಷಮೆ ಕೇಳಿದಳು. ಒಂದು ಕಡೆ ಬಸ್ಸು ಕೆಟ್ಟು ನಿಂತಿತು. ದೊಡ್ಡಪ್ಪ ಎಂಜಿನ್ನಿನಲ್ಲಿ ಏನೋ ಸದ್ದು ಎಂದ. ಅತ್ತೆ ಮೆಕ್ಯಾನಿಕ್ಕನ್ನು ಕರೆದಳು. ಕುಕ್ಕರ್ ಮೈಕಿನ ಹತ್ತಿರ ಬಗ್ಗಿ, ಮುಂಚೆ ಎಣ್ಣೆ ಹಾಕಿದ್ದೀರಾ ಎಂದು ಸಿಟ್ಟಿನಿಂದಲೇ ಕೇಳಿದ. ಅದಕ್ಕೂ ಬೀದಿ ಕೊನೆಯಲ್ಲಿ ನಗು ಎದ್ದದ್ದು ಕಿಟಕಿಯಿಂದ ಕೇಳಿಸಿತು. ದೊಡ್ಡಪ್ಪನ ಮಗಳು ಹೊಸ್ತಿಲಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದಳು.

ಬಸ್ಸು ಕೊನೆಯ ನಿಲ್ದಾಣ ಮುಟ್ಟಿದ ಸ್ವಲ್ಪ ಹೊತ್ತಿಗೆ ಫೋನು ಬಂತು. ಮ್ಯಾನೇಜರ್. ಮೊದಮೊದಲು ಯಾರೋ ತನಗೆ ಗೇರು ಹಾಕಲು ಹೇಳುವುದು ಕೇಳಿ ಆರಿಸಲು ಹೋಗಿದ್ದನಂತೆ. ಆಮೇಲೆ ಅತ್ತೆಯ ಧ್ವನಿ ಬಂದು ಆ ಎಡವಟ್ಟನ್ನೇ ಎತ್ತಿಕೊಂಡು ನಡೆದ ಮೇಲೆ ಆಫೀಸಿನವರನ್ನೆಲ್ಲ ಕರೆದು ಕೇಳಿಸಿದನಂತೆ. ನಮ್ಮ ನಿಲ್ದಾಣದಲ್ಲಿ ದಿನಾ ಆಗುವುದು ಇದೇ ತಾನೇ, ಬಸ್ಸು ಒಂದು ಕಡೆ, ಜನ ಇನ್ನೊಂದು ಕಡೆ ಎಂದು ನಕ್ಕ. ಸೋಮವಾರ ಬೆಳಿಗ್ಗೆಯೇ ಬನ್ನಿ ಎಂದ. ಅತ್ತೆ ಒಂದೇ ಷರತ್ತು ಹಾಕಿದಳು. ಆ ಯಂತ್ರದ ಮೇಲೆ ಏನಾದರೂ ಹೊದಿಸಿ, ಅದರ ಮುಖ ನೋಡಿಕೊಂಡು ನಾನು ಮಾತಾಡುವುದಿಲ್ಲ ಎಂದಳು. ಅವನು ಒಪ್ಪಿದ.

ಆ ಸಂಜೆ ಕುಕ್ಕರ್ ಪೆಟ್ಟಿಗೆಯ ಮುಂದೆ ಮತ್ತೆ ಕೂತು, ಅತ್ತೆಯ ಕಂಪ್ಯೂಟರಿಗೆ ಯಾರು ಮೊದಲು ಎದ್ದರೂ ಬದಲಾಗದ ಖಾಯಂ ನಂಬರು ಕೊಟ್ಟ. ಮುಗಿಸಿ ಏಳುವಾಗ ಹಿಂದೆ ದೊಡ್ಡಪ್ಪ ನಿಂತಿದ್ದ. ನೆಲ ನೋಡುತ್ತ, ಕೆಮ್ಮುತ್ತ, ಆ ಗಾಳಿಗೆ ಗುದ್ದುವ ಕೆಲಸಕ್ಕೆ ತನಗೂ ಒಂದು ಬೇರೆ ಬಾಗಿಲು ಮಾಡಿಕೊಡಲಾಗುತ್ತದೆಯೇ ಎಂದು ಕೇಳಿದ. ಮೇನ್ ಸ್ವಿಚ್ ಮುಟ್ಟುವುದಿಲ್ಲ ಎಂದು ಮಾತು ಕೊಡಿ, ಆಮೇಲೆ ನೋಡೋಣ ಎಂದ ಕುಕ್ಕರ್. ಚೌಕಾಶಿ ಬಹಳ ಹೊತ್ತು ನಡೆಯಿತು. ಕೊನೆಗೆ ಊಟದ ಹೊತ್ತಿಗೆ ಅಡುಗೆಮನೆಯ ಫ್ಯೂಸು ಮಾತ್ರ ತೆಗೆಯುವುದು ಎಂದು ರಾಜಿಯಾಯಿತು.

ಸೋಮವಾರ ಕುಕ್ಕರ್ ಯಾರದೋ ಬೈಕನ್ನು ಓಡಿಸಿ ನೋಡುವ ನೆಪದಲ್ಲಿ ಬಸ್ ನಿಲ್ದಾಣಕ್ಕೆ ಹೋದ. ಕಾವಲಿನವನು ಅವನ ಗುರುತು ಹಿಡಿದು ಹತ್ತಿರ ಬಂದ. ಅಷ್ಟರಲ್ಲಿ ಮೇಲಿನ ಸ್ಪೀಕರಿನಿಂದ ಅತ್ತೆ ಮಾತಾಡಿದಳು. ಮೂರನೇ ಪ್ಲಾಟ್‌ಫಾರಂನ ಬಸ್ಸು ಇನ್ನೂ ಬಂದಿಲ್ಲ, ಬಂದಿದೆ ಎಂದು ನಾನು ಸುಳ್ಳು ಹೇಳುವುದಿಲ್ಲ, ಮೂಟೆ ಕೆಳಗಿಟ್ಟು ಆರಾಮಾಗಿ ಕೂತುಕೊಳ್ಳಿ, ಕಂಡ ಕೂಡಲೇ ಕೂಗುತ್ತೇನೆ ಎಂದಳು. ಓಡಲು ಎದ್ದಿದ್ದವರೆಲ್ಲ ನಗುತ್ತ ಕೂತರು. ಕಾವಲಿನವನೂ ಕುಕ್ಕರನನ್ನು ಮರೆತು ತಲೆ ಎತ್ತಿ ನಿಂತ. ಕುಕ್ಕರ್ ಹೆಲ್ಮೆಟ್ ತೆಗೆಯುವುದನ್ನೂ ಮರೆತು, ತನಗೆ ಬೇಡದ ಬಸ್ಸಿಗೆ ಕಾಯುವವರ ನಡುವೆ ಬೆಂಚಿನ ಮೇಲೆ ಜಾಗ ಮಾಡಿಸಿಕೊಂಡು ಕೂತ.